ಜಹಾಲರೂ ಮವಾಳರೂ: ಬೆಳಗಾವಿ ಸೀಮೆಯ ಒಂದು ಹಳೆಯ ವ್ಯಾಜ್ಯ



ರಾಜ್ಯದಲ್ಲಿ ಬದಲಾವಣೆ ಬೇಕೆನ್ನತಕ್ಕವರೊಳಗೇ ಎರಡು ಬಣಗಳು ಹುಟ್ಟುವುದು ಹೊಸ ಸಂಗತಿಯೇನೂ ಅಲ್ಲ. ಇದ್ದುದು ಇದ್ದಂತೆಯೇ ಇರಲಿ ಎನ್ನುವವನೊಡನೆ ಇಬ್ಬರಿಗೂ ವಿರೋಧ ಉಂಟು. ಆದರೆ ಆ ವಿರೋಧಕ್ಕಿಂತ ತಮ್ಮತಮ್ಮೊಳಗಿನ ವಿರೋಧವೇ ಅವರಿಗೆ ಹೆಚ್ಚು ಕಾವುಳ್ಳದ್ದಾಗಿ ತೋರುತ್ತದೆ. ದಾಯಾದಿಗಳ ವ್ಯಾಜ್ಯದಲ್ಲಿ ಹೊರಗಿನ ಸಾಲಗಾರನನ್ನು ಮರೆತಂತೆ, ಇವರೂ ಎದುರಾಳಿಯನ್ನು ಮರೆತು ಒಬ್ಬರನ್ನೊಬ್ಬರು ಹಳಿಯುವುದನ್ನು ನಾವು ಕಂಡಿದ್ದೇವೆ. ಒಬ್ಬನು ಉದಾರವಾದಿ; ಕಾನೂನು, ಚರ್ಚೆ, ಮತದಾನ ಎಂಬ ಮೆಟ್ಟಿಲುಗಳಿಂದ ಏರಬೇಕೆನ್ನುವವನು. ಇನ್ನೊಬ್ಬನು ಎಡಪಕ್ಷದವನು, ಆ ಮೆಟ್ಟಿಲುಗಳನ್ನು ಕಟ್ಟಿದವರು ಯಾರು, ಯಾರ ಕಾಲಿನ ಅಳತೆಗೆ ಕಟ್ಟಿದರು ಎಂದು ಕೇಳುವವನು.

ಎಡ, ಬಲ ಎಂಬ ಹೆಸರುಗಳು 1789ರ ಫ್ರೆಂಚ್ ರಾಷ್ಟ್ರಸಭೆಯಲ್ಲಿ ಅಧ್ಯಕ್ಷನ ಎಡಬಲಗಳಲ್ಲಿ ಕುಳಿತವರಿಂದ ಬಂದುವೆಂಬುದು ತಮಗೆ ವಿದಿತವೇ ಇದೆ. ಅಂದು ದೊರೆಯ ಅಧಿಕಾರಕ್ಕೆ ಕಡಿವಾಣ ಹಾಕಬೇಕೆಂದು ಎಡಗಡೆ ಕುಳಿತವರಲ್ಲಿ ಇಂದಿನ ಉದಾರವಾದಿಯ ಮುತ್ತಜ್ಜನೂ ಒಬ್ಬ. ಕಾಲ ಸರಿದಂತೆ ಅವನ ಎಡಕ್ಕೆ ಬೇರೆಯವರು ಬಂದು ಕುಳಿತರು, ಅವನು ತಾನಾಗಿಯೇ ನಡುವಿನವನಾದನು. ಮನುಷ್ಯ ಕದಲದಿದ್ದರೂ ಅವನ ಪೀಠ ಕದಲುತ್ತದೆ. ಈ ಮಾತನ್ನು ಮುಂದೆ ಒಮ್ಮೆ ನೆನೆಯಬೇಕಾಗುವುದು.

ಬೆಳಗಾವಿ ಸೀಮೆಯಲ್ಲಿ ಈ ಇಬ್ಬರಿಗೆ ಮರಾಠಿಯಿಂದ ಬಂದ ಎರಡು ಹೆಸರುಗಳಿದ್ದುವು. ಉರಿಯುಳ್ಳವರು ಜಹಾಲರು; ಮೆತ್ತನೆಯವರು ಮವಾಳರು. ಕನ್ನಡ ಪತ್ರಿಕೆಗಳು ತೀವ್ರಪಕ್ಷ, ಮಿತವಾದಿಪಕ್ಷ ಎಂದು ಬರೆದರೂ, ಮನೆಯ ಕಟ್ಟೆಯ ಮೇಲಿನ ಮಾತಿಗೆ ಮರಾಠಿಯ ಹೆಸರುಗಳೇ ಒದಗುತ್ತಿದ್ದುವು. ಈ ಸೀಮೆಯನ್ನು ಈ ಹೊತ್ತಿನ ಮಾತಿಗೆ ನಾವು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಎರಡು ಪಕ್ಷಗಳೂ ಕೂಡಿಕೊಳ್ಳುವ ಪ್ರಯತ್ನವನ್ನು ಇಲ್ಲಿ 1916ರಲ್ಲಿ ಒಮ್ಮೆ, 1924ರಲ್ಲಿ ಮತ್ತೊಮ್ಮೆ ಮಾಡಿದುವು. ಎರಡು ಸಲವೂ ಸಂಧಾನವಾಯಿತು. ಎರಡು ಸಲವೂ ಒಬ್ಬಾತನು ಸಂಧಾನದ ಚಾವಡಿಯಿಂದ ಹೊರಗೆ ಉಳಿದನು. ಅವನು ಯಾರೆಂಬುದನ್ನು ನೋಡಲು ಬೆಳಗಾವಿಯಿಂದ ತೆಂಕಣಕ್ಕೆ ಸುಮಾರು 16 ಮೈಲಿ ದೂರದ ಖಾನಾಪುರಕ್ಕೆ ಹೋಗಬೇಕು.

ಖಾನಾಪುರ ತಾಲ್ಲೂಕು ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ನೆಲ. ಊರಿನ ಕೆಮ್ಮಣ್ಣು ಹೆಂಚಿಗೂ ಮಡಕೆಗೂ ಹೆಸರಾದುದು. ಪಡುವಣಕ್ಕೆ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಲೋಂಡೆಯಲ್ಲಿ ಗೋವೆಗೆ ಹೋಗುವ ರೈಲುದಾರಿ ಕವಲೊಡೆಯುತ್ತದೆ. ಹಲಸಿಯಲ್ಲಿ ಕದಂಬರ ಗುಡಿಗಳಿವೆ. ಇದೇ ತಾಲ್ಲೂಕಿನ ನಂದಗಡದಲ್ಲಿ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು.

ರಾಯಣ್ಣನ ಕಥೆಯನ್ನು ಲಾವಣಿಕಾರರು ಹಾಡಿದ್ದಾರೆ, ನಾಟಕದವರು ಆಡಿದ್ದಾರೆ. ನಾವು ಅದನ್ನು ಪುನಃ ಹೇಳಬೇಕಾದುದಿಲ್ಲ. ನಮಗೆ ಬೇಕಾದುದು ಅದರ ಅನುಕ್ರಮ ಮಾತ್ರ. ಕಿತ್ತೂರಿನ ರಾಣಿ ಚೆನ್ನಮ್ಮ ಮೊದಲು ಹಿಡಿದುದು ಕತ್ತಿಯನ್ನಲ್ಲ, ಲೇಖನಿಯನ್ನು. ದತ್ತಕವನ್ನು ಒಪ್ಪಬೇಕೆಂದು ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ನನಿಗೆ ಬರೆದುಕೊಂಡಳು. ಅದು ಫಲಿಸಲಿಲ್ಲ. 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸೈನ್ಯದೊಡನೆ ಬಂದು ಕೋಟೆಯ ಮುಂದೆ ಸತ್ತನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಅನಂತರ ಐದು ವರ್ಷ ಕಳೆದು ರಾಯಣ್ಣನು ಎದ್ದನು. ಅವನ ಜನ ಬೀಡಿ, ನಂದಗಡಗಳ ಕಡೆಗೆ ನುಗ್ಗಿ ಸರ್ಕಾರದ ಕಚೇರಿಗೆ ಬೆಂಕಿ ಹಚ್ಚಿದರು. ಸಿಪಾಯಿಗಿಂತ ಮುಂಚೆ ಕಚೇರಿಯ ಮೇಲೆ ಕೋಪ ಬಂದುದೇಕೆಂದು ಕೇಳಬಹುದು. ಜಮೀನು ಮುಟ್ಟುಗೋಲಾದುದೂ, ಕಂದಾಯ ಏರಿದುದೂ ಆ ಕಚೇರಿಯ ಕಾಗದದಲ್ಲಿ. ಓದಲು ಬರೆಯಲು ಬಾರದವನಿಗೆ ಕಾಗದವೇ ಸರ್ಕಾರ.

ಅರ್ಜಿಯು ವಿಫಲವಾದ ಮೇಲೆ ಬೆಂಕಿ ಹುಟ್ಟುತ್ತದೆ ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ಕೊಡುವುದು ವಾಡಿಕೆ. ನಿಜವೇ. ಆದರೆ ಅರ್ಜಿ ಬರೆದವಳ ನಷ್ಟ ಸಂಸ್ಥಾನದ್ದು, ಬೆಂಕಿ ಇಟ್ಟವನ ನಷ್ಟ ಹೊಲದ್ದು ಎಂಬ ಭೇದವನ್ನೂ ಗಮನಿಸಬೇಕು. ಇಬ್ಬರೂ ಒಂದೇ ಪಕ್ಷದಲ್ಲಿ ನಿಂತರು. ಇಬ್ಬರ ಪ್ರಶ್ನೆಯೂ ಒಂದೇ ಆಗಿರಲಿಲ್ಲ.

ಇನ್ನು ಮಿತವಾದಿಗಳ ವಿಷಯ. ಅವರನ್ನು ಅಂಜುಬುರುಕರೆಂದು ತಳ್ಳಿಬಿಡುವುದು ಸುಲಭ. ನಾವು ಹಾಗೆ ಮಾಡಲಾರೆವು. ಗೋಪಾಲ ಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. 1911ರಲ್ಲಿ, ಕಡ್ಡಾಯವಾದ ಪ್ರಾಥಮಿಕ ಶಿಕ್ಷಣಕ್ಕೆ ದಾರಿ ಮಾಡಿಕೊಡುವ ಮಸೂದೆಯೊಂದನ್ನು ವೈಸರಾಯರ ಶಾಸನಸಭೆಯಲ್ಲಿ ಮಂಡಿಸಿದರು. ಅಂಕಿಸಂಖ್ಯೆಗಳಲ್ಲಿ ಅವರನ್ನು ಮೀರಿಸುವವರು ಆ ಸಭೆಯಲ್ಲಿ ಇರಲಿಲ್ಲ. 1912ರಲ್ಲಿ ಮತ ಎಣಿಸಿದಾಗ ಪರವಾಗಿ 13, ವಿರೋಧವಾಗಿ 38. ಗೋಖಲೆಯವರು ಸೋತರು, ಸೋಲುವುದು ತಮಗೆ ಮೊದಲೇ ಗೊತ್ತಿತ್ತೆಂಬ ಶಾಂತಿಯಿಂದ ಸೋತರು. ಈ ಶಾಂತಿಯನ್ನು ಕಂಡು ಮಿತವಾದಿಗೆ ಗೌರವ ಹುಟ್ಟುತ್ತದೆ, ತೀವ್ರವಾದಿಗೆ ಮೈ ಉರಿಯುತ್ತದೆ. ಮಗುವಿಗೆ ಶಾಲೆ ಬೇಕೆಂಬುದರಲ್ಲಿ ಅವರಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಆ 38 ಕೈಗಳನ್ನು ಏನು ಮಾಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯ. ನಮ್ಮ ಬೆಂಗಳೂರಿನಲ್ಲಿ ಡಿ. ವಿ. ಗುಂಡಪ್ಪನವರು 1945ರಲ್ಲಿ ಗೋಖಲೆಯವರ ಹೆಸರಿನಲ್ಲೇ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರೆಂದರೆ, ಆ ಸೋಲಿಗೂ ಸಂತಾನವುಂಟೆಂದು ತಿಳಿಯಬೇಕು.

1907ರಲ್ಲಿ ಸೂರತ್ತಿನಲ್ಲಿ ಕಾಂಗ್ರೆಸ್ಸು ಒಡೆಯಿತು. ಮರುವರ್ಷ ತಿಲಕರಿಗೆ ಮಂಡಾಲೆಯ ಸೆರೆಮನೆಯಾಯಿತು. 1914ರಲ್ಲಿ ಅವರು ಬಿಡುಗಡೆಯಾದರು, 1915ರ ಫೆಬ್ರವರಿಯಲ್ಲಿ ಗೋಖಲೆಯವರು ತೀರಿಕೊಂಡರು, ಆ ವರ್ಷದ ಕೊನೆಗೆ ಮುಂಬಯಿ ಕಾಂಗ್ರೆಸ್ಸು ತೀವ್ರಪಕ್ಷದವರಿಗೆ ಬಾಗಿಲನ್ನು ಅರ್ಧ ತೆರೆಯಿತು. ಅರ್ಧ ತೆರೆದ ಬಾಗಿಲಿನಲ್ಲಿ ತಲೆ ತಗ್ಗಿಸಿ ಒಳಗೆ ಹೋಗಬೇಕೆ, ಹೊರಗೇ ನಿಲ್ಲಬೇಕೆ? ಈ ಪ್ರಶ್ನೆಯನ್ನು ತೀರ್ಮಾನಿಸಲು 1916ರ ಏಪ್ರಿಲ್ ತಿಂಗಳ ಕೊನೆಯಲ್ಲಿ ರಾಷ್ಟ್ರೀಯ ಪಕ್ಷದವರ ಮುಂಬಯಿ ಪ್ರಾಂತಿಕ ಪರಿಷತ್ತು ಬೆಳಗಾವಿಯಲ್ಲಿ ಸೇರಿತು. ದಕ್ಷಿಣ ಆಫ್ರಿಕದಿಂದ ಮರಳಿ ಬಂದು ವರ್ಷಕ್ಕೆ ಸ್ವಲ್ಪ ಮೇಲಾಗಿದ್ದ ಗಾಂಧಿಯವರೂ, ಯಾವ ಪಕ್ಷಕ್ಕೂ ಸೇರದವರಾಗಿ, ಬಂದಿದ್ದರು. ರಾಜಿಯ ನಿರ್ಣಯದ ಪರವಾಗಿ ಮಾತನಾಡಿದರು. ಒಳಗೆ ಹೋಗುವುದೆಂದು ತೀರ್ಮಾನವಾಯಿತು. ತಿಲಕರು ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಹೋಂರೂಲ್ ಲೀಗನ್ನೂ ಸ್ಥಾಪಿಸಿದರು. ಜೋಸೆಫ್ ಬ್ಯಾಪ್ಟಿಸ್ಟರು ಅಧ್ಯಕ್ಷರು, ನ. ಚಿಂ. ಕೇಳಕರರು ಕಾರ್ಯದರ್ಶಿಗಳು. ಒಂದು ಕೈಯಲ್ಲಿ ರಾಜಿಯ ಪತ್ರ, ಇನ್ನೊಂದು ಕೈಯಲ್ಲಿ ಹೊಸ ಸಂಘ! ತಿಲಕರ ಚಾತುರ್ಯವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಆ ವಾರದ ಇನ್ನೊಂದು ಸಂಗತಿಯನ್ನು ಚರಿತ್ರಕಾರರು ಹೆಚ್ಚಾಗಿ ಹೇಳುವುದಿಲ್ಲ. ಪರಿಷತ್ತು ಮುಗಿದ ಮೇಲೆ, ಏಪ್ರಿಲ್ 30ರಂದು, ಗಾಂಧಿಯವರು ಬೆಳಗಾವಿಯಲ್ಲಿಯೇ ಅಸ್ಪೃಶ್ಯರ ಸ್ಥಿತಿಯನ್ನು ಕುರಿತು ಮಾತನಾಡಿದರು. ಪಂಕ್ತಿಗೆ ಸೇರದವರ ಮಾತು ಪರಿಷತ್ತಿನ ಪಂಕ್ತಿ ಎದ್ದ ಮೇಲೆ ಬಂತು. ನಾವು ಇದನ್ನು ವ್ಯಂಗ್ಯಕ್ಕಾಗಿ ಹೇಳುತ್ತಿಲ್ಲ. ಅಂದಿನ ಕಾರ್ಯಕ್ರಮಗಳ ಅನುಕ್ರಮವೇ ಹಾಗಿತ್ತು.

ಆ ವರ್ಷದ ಡಿಸೆಂಬರಿನಲ್ಲಿ ಲಖನೌದಲ್ಲಿ ಎರಡು ಪಕ್ಷಗಳೂ ಒಂದೇ ವೇದಿಕೆಯ ಮೇಲೆ ಕುಳಿತುವು. ಕೂಡಿಕೆ ಎರಡು ವರ್ಷವೂ ಬಾಳಲಿಲ್ಲ. 1918ರಲ್ಲಿ ಮಾಂಟೆಗ್ಯೂ ಸುಧಾರಣೆಗಳ ಮೇಲೆ ಮನಸ್ತಾಪ ಬೆಳೆದು, ಮಿತವಾದಿಗಳು ಹೊರಗೆ ಹೋಗಿ ಲಿಬರಲ್ ಫೆಡರೇಷನ್ನನ್ನು ಸ್ಥಾಪಿಸಿಕೊಂಡರು. ಹೊರಗಿದ್ದವರು ಒಳಗೆ, ಒಳಗಿದ್ದವರು ಹೊರಗೆ. ನಾವು ಮೊದಲೇ ಹೇಳಿದ ಪೀಠದ ಚಲನೆ ಇದೇ. ಲಿಬರಲರು ಮಂತ್ರಿಗಳಾದರು. ಮುಂಬಯಿಯಲ್ಲಿ ಗಣಿತಜ್ಞ ರ್‍ಯಾಂಗ್ಲರ್ ಪರಾಂಜಪೆಯವರು ವಿದ್ಯಾಮಂತ್ರಿಗಳಾಗಿ ಕುಳಿತ ಕಾಲದಲ್ಲಿಯೇ ಬೀದಿಯಲ್ಲಿ ಅಸಹಕಾರದವರು ಸರ್ಕಾರದ ಶಾಲೆಗಳನ್ನು ಬಿಡಿರೆಂದು ಹುಡುಗರನ್ನು ಕರೆಯುತ್ತಿದ್ದರು. ಗೋಖಲೆಯವರ ಶಿಷ್ಯವರ್ಗ ಶಾಲೆಯನ್ನು ತೆರೆಯುವುದಕ್ಕೂ, ಗಾಂಧಿಯವರ ಶಿಷ್ಯವರ್ಗ ಅದನ್ನು ಬರಿದು ಮಾಡುವುದಕ್ಕೂ ಹೊರಟಿತೆಂದರೆ, ಆ ಕಾಲದ ತಂದೆತಾಯಿಗಳ ಪೇಚಾಟವನ್ನು ಊಹಿಸಿಕೊಳ್ಳಬಹುದು.

1922ರಲ್ಲಿ ಚೌರಿಚೌರಾದ ಘಟನೆಯಾಗಿ ಅಸಹಕಾರ ನಿಂತಿತು. ನಿಂತೊಡನೆ ಕಾಂಗ್ರೆಸ್ಸಿನ ಒಳಗೇ ಹೊಸ ಬಿರುಕು ಕಾಣಿಸಿತು. ಚಿತ್ತರಂಜನ ದಾಸರೂ ಮೋತಿಲಾಲ ನೆಹರೂರವರೂ ಸ್ವರಾಜ್ಯಪಕ್ಷವನ್ನು ಕಟ್ಟಿ, ಶಾಸನಸಭೆಗಳ ಒಳಗೆ ಹೋಗಿ ಹೋರಾಡೋಣ ಎಂದರು. ಮಾರ್ಪಾಟು ಬೇಡವೆನ್ನುವವರು ಚರಕವನ್ನು ಹಿಡಿದು ಹಳ್ಳಿಯಲ್ಲಿಯೇ ಕೂರೋಣ ಎಂದರು. ಈ ಬಿರುಕನ್ನು ಮುಚ್ಚಲು ಗಾಂಧಿಯವರು 1924ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ದಾಸ್ ಮತ್ತು ನೆಹರೂರವರೊಡನೆ ಒಂದು ಒಡಂಬಡಿಕೆಗೆ ಬಂದರು. ಅದಕ್ಕೆ ಮುದ್ರೆ ಬಿದ್ದುದು ಬೆಳಗಾವಿಯಲ್ಲಿ.

ಬೆಳಗಾವಿ ಕಾಂಗ್ರೆಸ್ಸು ನಡೆದುದು 1924ರ ಡಿಸೆಂಬರ್ 26, 27ರಂದು. ಗಾಂಧಿಯವರು ತಮ್ಮ ಜೀವಮಾನದಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಲ್ಲಿ ಕುಳಿತುದು ಅದೊಂದೇ ಸಲ. ಸ್ವಾಗತ ಸಮಿತಿಯ ಅಧ್ಯಕ್ಷರು ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು. ತಿಲಕರ ಬಲಗೈಯಾಗಿದ್ದು, ಅವರ ಬಳಿಕ ಗಾಂಧಿಯವರ ಕಡೆಗೆ ಬಂದವರು. ಜನ ಅವರನ್ನು ಕರ್ನಾಟಕದ ಸಿಂಹವೆಂದು ಕರೆದರು. ಮಂಟಪದ ನಗರಕ್ಕೆ ವಿಜಯನಗರವೆಂದು ಹೆಸರಿಟ್ಟರು. ತೋಡಿಸಿದ ಬಾವಿಗೆ ಪಂಪಾಸರೋವರವೆಂದರು. ಆ ಬಾವಿ ಈಗಲೂ ತಿಲಕವಾಡಿಯಲ್ಲಿದೆ, ಬೆಳಗಾವಿಯವರು ಕಾಂಗ್ರೆಸ್ ಬಾವಿ ಎನ್ನುತ್ತಾರೆ. ವೀಣೆ ಶೇಷಣ್ಣನವರು ನುಡಿಸಿದರು. ಹುಯಿಲಗೋಳ ನಾರಾಯಣರಾಯರ ನಾಡಗೀತವನ್ನು ಹಾಡಲಾಯಿತು. ಸ್ವಾಗತದ ಹಾಡು ಹೇಳಿದ ಹುಡುಗಿಯರಲ್ಲಿ ಮುಂದೆ ಗಂಗೂಬಾಯಿ ಹಾನಗಲ್ಲರೆಂದು ಲೋಕ ಕೊಂಡಾಡಿದ ಬಾಲಿಕೆಯೂ ಇದ್ದಳು. ನಾ. ಸು. ಹರ್ಡೀಕರರ ಸೇವಾದಳದವರು ಶಿಸ್ತನ್ನು ನೋಡಿಕೊಂಡರು. ಪಾಯಖಾನೆಯ ಕೆಲಸಕ್ಕೆ ಬ್ರಾಹ್ಮಣ ಸ್ವಯಂಸೇವಕರೂ ನಿಂತರು. ಆ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ.

ವೈಭವವನ್ನು ಇಲ್ಲಿಗೆ ಬಿಟ್ಟು ಒಡಂಬಡಿಕೆಯ ಒಂದು ಕಲಮನ್ನು ಮಾತ್ರ ತಮ್ಮ ಮುಂದಿಡುತ್ತೇವೆ. ಅದುವರೆಗೆ ಕಾಂಗ್ರೆಸ್ಸಿನ ಸದಸ್ಯನಾಗಲು ವರ್ಷಕ್ಕೆ ನಾಲ್ಕಾಣೆ ಕೊಟ್ಟರೆ ಸಾಕಾಗಿತ್ತು. ಇನ್ನು ಮೇಲೆ ತಿಂಗಳಿಗೆ 2000 ಗಜ ನೂಲನ್ನು ಕೊಡಬೇಕೆಂದಾಯಿತು. ಮತದ ಹಕ್ಕಿಗೆ ಆಸ್ತಿಯೂ ಅಂತಸ್ತೂ ಆಧಾರವಾಗಬಾರದು, ಕೈಯ ದುಡಿಮೆಯೇ ಆಧಾರವಾಗಬೇಕೆಂದು ಗಾಂಧಿಯವರು ತಮ್ಮ ಅಧ್ಯಕ್ಷಭಾಷಣದ ಸ್ವರಾಜ್ಯಯೋಜನೆಯಲ್ಲಿ ಹೇಳಿದರು. ಸೈನ್ಯದ ವೆಚ್ಚವನ್ನು ಇಳಿಸುವುದು, ಹೆಂಡದ ಹುಟ್ಟುವಳಿಯನ್ನು ಬಿಡುವುದು, ಭಾಷಾವಾರು ಪ್ರಾಂತಗಳು, ಇವೆಲ್ಲವೂ ಆ ಯೋಜನೆಯಲ್ಲಿದ್ದುವು. ಕಡೆಯದನ್ನು ಕನ್ನಡಿಗರು ಹಿಡಿದುಕೊಂಡರು. ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಪರಿಷತ್ತು ಕೂಡ ಸೇರಿತು. ಮೊದಲನೆಯದನ್ನು ಯಾರೂ ಅಷ್ಟಾಗಿ ಹಿಡಿಯಲಿಲ್ಲ.

ಮೊದಲನೆಯದು ಎಂತಹ ಮಾತೆಂಬುದನ್ನು ಯೋಚಿಸಬೇಕು. ಅಂದು ಶಾಸನಸಭೆಗೆ ಮತ ಕೊಡುವವನು ಕಂದಾಯ ಕಟ್ಟುವವನು, ತೆರಿಗೆ ತೆರುವವನು. ಗೇಣಿಯ ಗದ್ದೆ ಮಾಡುವವನಿಗೂ, ಕಾಡಿನಲ್ಲಿ ಸೌದೆ ಆಯುವವಳಿಗೂ ಮತವಿಲ್ಲ. ಲಿಬರಲರು ಆ ಮತದ ಸೀಮೆಯನ್ನು ಮೆಲ್ಲಮೆಲ್ಲನೆ ಅಗಲಿಸೋಣ ಎಂದರು. ಗಾಂಧಿಯವರು ಸೀಮೆಯ ಕಲ್ಲನ್ನೇ ಕಿತ್ತು ಬೇರೆ ಕಡೆ ನೆಟ್ಟರು. ದುಡಿಯುವವನೇ ಮತದಾರ. ಮಾಸ್ಕೋದಲ್ಲಿ ಹೊಸ ಸರ್ಕಾರವೂ ಬೇರೆ ಮಾರ್ಗದಿಂದ ಇದೇ ಮಾತನ್ನಾಡುತ್ತಿದ್ದ ಕಾಲವದು. ಅದೇ 1924ರ ಮೇ ತಿಂಗಳಿನಲ್ಲಿ ಕಾನ್ಪುರದ ಬೋಲ್ಷೆವಿಕ್ ಒಳಸಂಚಿನ ಮೊಕದ್ದಮೆಯಲ್ಲಿ ಡಾಂಗೆ ಮೊದಲಾದ ನಾಲ್ವರಿಗೆ ನಾಲ್ಕು ನಾಲ್ಕು ವರ್ಷ ಶಿಕ್ಷೆಯಾಗಿತ್ತು. ಎಡಪಕ್ಷ ಭಾರತದಲ್ಲಿ ಇನ್ನೂ ಸೆರೆಮನೆಯ ತೊಟ್ಟಿಲಿನಲ್ಲಿತ್ತು.

ಆದರೆ ಆ ನೂಲಿನ ಕಲಮಿಗೆ ಒಂದು ಉಪಕಲಮಿತ್ತು. ಕಾಯಿಲೆಯಿಂದಲೋ, ಇಷ್ಟವಿಲ್ಲದುದರಿಂದಲೋ ತಾನೇ ನೂಲಲಾರದವನು ಬೇರೊಬ್ಬರು ನೂತ ಅಷ್ಟೇ ನೂಲನ್ನು ಕೊಡಬಹುದು! ಈ ಬಾಗಿಲಿಲ್ಲದಿದ್ದರೆ ಸ್ವರಾಜ್ಯಪಕ್ಷದ ವಕೀಲರು ಒಪ್ಪುತ್ತಿರಲಿಲ್ಲ. ಅವರು ಒಪ್ಪದಿದ್ದರೆ ಒಡಂಬಡಿಕೆಯಿಲ್ಲ. ಇದರ ಪರಿಣಾಮವನ್ನು ಹೇಳಬೇಕಾದುದೇ ಇಲ್ಲ. ಧಾರವಾಡದ ವಕೀಲರೊಬ್ಬರು ಪಕ್ಕದ ಹಳ್ಳಿಯ ವಿಧವೆಯ ನೂಲನ್ನು ಕೊಂಡು ಕಾಂಗ್ರೆಸ್ಸಿಗೆ ಸಲ್ಲಿಸಿದರೆಂದು ಭಾವಿಸೋಣ. ನೂತವಳ ಬೆರಳು, ಮತ ವಕೀಲರದು. ದುಡಿಮೆಯೇ ಹಕ್ಕೆಂದು ಹೊರಟ ತತ್ತ್ವ ಪೇಟೆಯ ದಾರಿಯಲ್ಲಿ ದುಡ್ಡೇ ಹಕ್ಕೆಂಬ ಹಳೆಯ ಮನೆಗೆ ಬಂದು ಸೇರಿತು. ಆಕೆಗೆ ನಾಲ್ಕು ಕಾಸು ದೊರೆಯಿತಲ್ಲಾ ಎಂದರೆ, ಹೌದು, ದೊರೆಯಿತು, ಅದನ್ನು ಅಲ್ಲಗಳೆಯಲಾಗದು. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ನಿಯಮವನ್ನು ಸಡಿಲಿಸಿ, ನೂಲಾದರೂ ಸರಿ, ನಾಲ್ಕಾಣೆಯಾದರೂ ಸರಿ ಎಂದು ಮಾಡಿದರು. ಒಂಬತ್ತು ತಿಂಗಳಿನ ಪ್ರಯೋಗ.

ಲಿಬರಲರಾದರೋ ಬೆಳಗಾವಿಗೆ ಮರಳಿ ಬರಲಿಲ್ಲ. ಆನಿ ಬೆಸೆಂಟರು ಬಂದಿದ್ದರು; ಲಿಬರಲರೂ ಬಂದು ಕೂಡಲಿ ಎಂಬುದು ಗಾಂಧಿಯವರ ಇಚ್ಛೆಯಾಗಿತ್ತು. ನೂಲನ್ನು ಕಂಡು ಅವರು ನಕ್ಕರು. ಹೀಗೆ ನಕ್ಕುದು ಅವರ ದೊಡ್ಡ ಲೋಪವೆಂದು ನಮ್ಮ ಅಭಿಪ್ರಾಯ. ನೂಲಿನಿಂದ ಸ್ವರಾಜ್ಯ ಬರುವುದೇ ಎಂಬ ಅವರ ಪ್ರಶ್ನೆ ಸಾಧುವಾದುದೇ. ಆದರೆ ನೂಲುವವಳು ಸಭೆಯಲ್ಲಿ ಏಕಿಲ್ಲ ಎಂಬ ಪ್ರಶ್ನೆಯನ್ನು ಅವರು ಕೇಳಿಕೊಳ್ಳಲಿಲ್ಲ. ಎಡಪಕ್ಷದವರು ಆ ಪ್ರಶ್ನೆಯನ್ನು ಎತ್ತಿಕೊಂಡರು. ಬೆಳಗಾವಿಯ ಸಭೆಗೆ ಸರಿಯಾಗಿ ಒಂದು ವರ್ಷ ಕಳೆದು, 1925ರ ಡಿಸೆಂಬರಿನಲ್ಲಿ, ಕಮ್ಯೂನಿಸ್ಟರ ಮೊದಲ ಸಮ್ಮೇಳನ ಕಾನ್ಪುರದಲ್ಲಿ ಕೂಡಿತು.

ಇಲ್ಲಿಂದ ಹನ್ನೆರಡು ವರ್ಷ ಮುಂದಕ್ಕೆ ಬರೋಣ. ಅಷ್ಟರಲ್ಲಿ ಕಾಂಗ್ರೆಸ್ಸಿನ ಒಳಗೇ 1934ರಲ್ಲಿ ಸಮಾಜವಾದಿ ಪಕ್ಷ ಹುಟ್ಟಿತ್ತು. ನಮ್ಮ ಮಂಗಳೂರಿನವರಾದ ಕಮಲಾದೇವಿ ಚಟ್ಟೋಪಾಧ್ಯಾಯರು 1936ರಲ್ಲಿ ಅದರ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಗೆದ್ದಿತು. ಗೆದ್ದವರು ಮಂತ್ರಿಪದವಿಯನ್ನು ಹಿಡಿಯಬೇಕೆ? ಬೇಡವೆಂದು ಸಮಾಜವಾದಿಗಳು ಪಟ್ಟು ಹಿಡಿದರು. ಆ ಏಪ್ರಿಲ್ ತಿಂಗಳಿನಲ್ಲಿ ಗಾಂಧೀ ಸೇವಾ ಸಂಘದ ವಾರ್ಷಿಕ ಸಭೆ ಗಂಗಾಧರರಾಯರ ಹುದಲಿಯಲ್ಲಿ ಸೇರಿತು, ಗಾಂಧಿಯವರು ಬಂದರು. ಶಾಸನಸಭೆಯನ್ನು ಒಲ್ಲೆನೆಂದು ಹಳ್ಳಿಯಲ್ಲಿ ಕುಳಿತಿದ್ದ ಈ ಸಂಘದವರು ಅಲ್ಲಿ ಚರ್ಚಿಸಿದ ದೊಡ್ಡ ವಿಷಯ ಶಾಸನಸಭೆಗೆ ಹೋಗುವುದೇ, ಪ್ರಮಾಣವಚನ ಮಾಡುವುದೇ ಎಂಬುದು. ಬೇಸಗೆಯ ಹುದಲಿ, ಬಾವಿಯ ನೀರು, ಖಾದಿಯ ಚಪ್ಪರ, ಒಳಗೆ ರಾಜ್ಯಾಂಗದ ಸೂಕ್ಷ್ಮಗಳು!

ಜುಲೈಯಲ್ಲಿ ಮುಂಬಯಿಯಲ್ಲಿ ಬಾ. ಗಂ. ಖೇರರ ಮಂತ್ರಿಮಂಡಲ ಏರ್ಪಟ್ಟಿತು. ಆ ಸೆಪ್ಟೆಂಬರಿನಲ್ಲಿ ಡಾಕ್ಟರ್ ಅಂಬೇಡ್ಕರರು ಕೊಂಕಣದ ಖೋತಿ ಪದ್ಧತಿಯನ್ನು ತೆಗೆದುಹಾಕುವ ಮಸೂದೆಯನ್ನು ಸಭೆಯಲ್ಲಿ ತಂದರು. 1938ರ ಜನವರಿಯಲ್ಲಿ ಘಟ್ಟದ ಕೆಳಗಿನ ಸಾವಿರಾರು ಒಕ್ಕಲುಗಳು ಮುಂಬಯಿಗೆ ಬಂದು ಮೆರವಣಿಗೆ ಮಾಡಿದರು, ಕಮ್ಯೂನಿಸ್ಟರೂ ಜೊತೆಗೂಡಿದರು. ಅದೇ ವರ್ಷದ ನವೆಂಬರಿನಲ್ಲಿ ಕಾರ್ಮಿಕ ವಿವಾದಗಳ ಮಸೂದೆಗೆ ವಿರೋಧವಾಗಿ ಗಿರಣಿಗಳಲ್ಲಿ ಹರತಾಳವಾಯಿತು. ಉಪ್ಪಿನ ಕಾನೂನನ್ನು ಮುರಿದು ಜೈಲಿಗೆ ಹೋಗಿ ಬಂದವರೇ ಈಗ ಹರತಾಳಕ್ಕೆ ನೋಟೀಸು ಬೇಕು, ಶಾಂತಿ ಬೇಕು, ಕಾನೂನಿಗೆ ಮರ್ಯಾದೆ ಬೇಕು ಎನ್ನುತ್ತಿದ್ದರು. ಅವರು ಕಪಟಿಗಳೆಂದು ನಾವು ಹೇಳುವುದಿಲ್ಲ. ರಾಜ್ಯದ ಲೆಕ್ಕವನ್ನು ಹಿಡಿದು ಕುಳಿತವನಿಗೆ ಬೀದಿಯ ಸದ್ದು ಬೇರೆ ರೀತಿಯಲ್ಲಿ ಕೇಳಿಸುತ್ತದೆ, ಇದು ಮನುಷ್ಯಸ್ವಭಾವ. ಆದರೆ 1939ರ ಗೇಣಿದಾರರ ಕಾಯಿದೆ ಮುಂಬಯಿ ಪ್ರಾಂತದಲ್ಲಿ ಬಂದುದು ಆ ಮೆರವಣಿಗೆಯ ಅನಂತರವೇ ಹೊರತು ಮುಂಚೆಯಲ್ಲ. ಮೆರವಣಿಗೆ ಮಾಡಿದವರು ಕಾಯಿದೆಯನ್ನು ಬರೆಯಬಲ್ಲವರಾಗಿರಲಿಲ್ಲ ಎಂಬುದೂ ಅಷ್ಟೇ ದಿಟ; ಬರೆದವರು ಲಿಬರಲ್ ಪಾಠಶಾಲೆಯಲ್ಲಿ ಕಲಿತ ವಕೀಲರು.

1942ರ ಮಾತನ್ನು ಬೇಗ ಮುಗಿಸುತ್ತೇವೆ. ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಚಾವಡಿಗಳು ಉರಿದುವು, ತಂತಿಗಳು ಕಡಿದುವು, ರೈಲುದಾರಿಗೆ ಪೆಟ್ಟು ಬಿತ್ತು. ನಂದಗಡದ ಬೆಂಕಿಯೇ ನೂರಹನ್ನೆರಡು ವರ್ಷದ ಮೇಲೆ ಮತ್ತೆ ಹೊತ್ತಿದಂತಿತ್ತು. ಗುರಿಯೂ ಅದೇ, ಕಾಗದವಿರುವ ಕಚೇರಿ. ಲಿಬರಲರು ಇದನ್ನು ಒಪ್ಪಲಿಲ್ಲ. ಮಹಾಯುದ್ಧವನ್ನು ಜನಯುದ್ಧವೆಂದು ಕರೆದ ಕಮ್ಯೂನಿಸ್ಟರೂ ಒಪ್ಪಲಿಲ್ಲ. ಸಮಾಜವಾದಿಗಳು ಭೂಗತರಾಗಿ ಅದನ್ನು ನಡೆಸಿದರು. ಎಡವೆಂಬುದೇ ಎರಡಾಗಿ ಸೀಳಿ ಒಂದು ಸೀಳು ಲಿಬರಲರ ಪಕ್ಕಕ್ಕೆ ಹೋಗಿ ನಿಂತಿತು. 1944ರಲ್ಲಿ ಬಿಡುಗಡೆಯಾಗಿ ಬಂದ ಗಾಂಧಿಯವರು ಭೂಗತರಾದವರಿಗೆ ಹೊರಗೆ ಬಂದು ಶರಣಾಗಿರೆಂದು ಹೇಳಿದರು.

ಸ್ವಾತಂತ್ರ್ಯ ಬಂದಿತು, ಪ್ರೌಢರೆಲ್ಲರಿಗೂ ಮತ ಬಂದಿತು. ಲಿಬರಲರು ಕೇಳಿದುದು ಸಿಕ್ಕಿತು. ಇನ್ನು ಅರ್ಜಿಗೂ ಬೀದಿಗೂ ವ್ಯಾಜ್ಯವೇಕೆ? ಇದಕ್ಕೆ ಉತ್ತರವನ್ನು ಖಾನಾಪುರದಿಂದ ಹೊರಟ ಹೊಳೆಯೇ ಕೊಟ್ಟಿತು.

ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಗೆ ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟನ್ನು ಕಟ್ಟಿ, ನವಲಗುಂದ ನರಗುಂದಗಳ ಕರಿಮಣ್ಣಿಗೆ ಕಾಲುವೆಯನ್ನು ತಂದರು. ನೀರು ಬಂದಿತೆಂದು ಸರ್ಕಾರ ಅಭಿವೃದ್ಧಿ ಕರವನ್ನು ಹಾಕಿತು. ನೀರು ಸರಿಯಾಗಿ ಬಾರದ ಹೊಲದವನಿಗೂ ಕರದ ಚೀಟಿ ಬಂದಿತು. ರೈತರು ಮೊದಲು ಮಾಡಿದುದು ಗೋಖಲೆಯವರು ಮೆ‌ಚ್ಚುವ ಕೆಲಸ: ಸಮಿತಿ ಕಟ್ಟಿದರು, ಮನವಿ ಬರೆದರು. ಬಳಿಕ ಗಾಂಧಿಯವರು ಮೆಚ್ಚುವ ಕೆಲಸ: ಕಚೇರಿಯ ಮುಂದೆ ಕುಳಿತರು. 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ಗುಂಡು ಹಾರಿತು, ರೈತರು ಸತ್ತರು, ಉದ್ರಿಕ್ತರಾದವರ ಕೈಯಲ್ಲಿಯೂ ಪ್ರಾಣ ಹೋಯಿತು. ಮರುವರ್ಷದ ಮೊದಲಲ್ಲಿ ಎಡಪಕ್ಷಗಳೂ ಇತರ ವಿರೋಧಪಕ್ಷಗಳೂ ಸೇರಿ ನರಗುಂದದಿಂದ ಬೆಂಗಳೂರಿಗೆ ಕಾಲ್ನಡಿಗೆಯ ಜಾಥಾ ತಂದುವು. ರೈತರಾದರೋ ಅವರ ಹಿಂದೆ ಹೋಗಿ ಸೇರಲಿಲ್ಲ. ರುದ್ರಪ್ಪ, ಸುಂದರೇಶ್, ನಂಜುಂಡಸ್ವಾಮಿಯವರ ಮುಂದಾಳುತನದಲ್ಲಿ ರಾಜ್ಯ ರೈತ ಸಂಘವಾಗಿ ಬೇರೆ ನಿಂತರು. ಅಪ್ಪಣೆಯಿಲ್ಲದೆ ಅಧಿಕಾರಿಗಳೂ ರಾಜಕಾರಣಿಗಳೂ ಒಳಗೆ ಬರಕೂಡದೆಂದು ಊರ ಬಾಗಿಲಿಗೆ ಹಲಗೆ ತೂಗಹಾಕಿದರು. ಆ ಹಲಗೆಯನ್ನು ಲಿಬರಲನು ಅರಾಜಕತೆ ಎಂದು ಓದಿದನು. ಕಮ್ಯೂನಿಸ್ಟನು ಜಮೀನ್ದಾರ ರೈತರ ಅಹಂಕಾರ ಎಂದು ಓದಿದನು. ನಮಗಂತೂ ಅದು 1916ರಲ್ಲಿಯೂ 1924ರಲ್ಲಿಯೂ ಹೊರಗೆ ಉಳಿದವನು ಕಡೆಗೆ ತನ್ನದೇ ಒಂದು ಬಾಗಿಲನ್ನು ಮಾಡಿಕೊಂಡು, ಹೊರಗಿನವರು ಯಾರೆಂಬುದನ್ನು ತಾನೇ ನಿರ್ಣಯಿಸಿದಂತೆ ಕಾಣುತ್ತದೆ. ಕೂಲಿಯವನು ಆ ಬಾಗಿಲಿನ ಒಳಗೋ ಹೊರಗೋ ಎಂಬ ಕಮ್ಯೂನಿಸ್ಟರ ಪ್ರಶ್ನೆಯೂ ಕ್ಷುಲ್ಲಕವಲ್ಲ.

ಇನ್ನೊಂದು ಮಾತು ಉಳಿದಿದೆ. ಮಲಪ್ರಭೆಯಲ್ಲಿ ನೀರು ಸಾಲದೆ, ಖಾನಾಪುರದ ಕಾಡಿನಲ್ಲಿ ಹುಟ್ಟಿ ಮಹಾದಾಯಿಗೆ ಹೋಗುವ ಕಳಸಾ, ಬಂಡೂರಿ ಹಳ್ಳಗಳನ್ನು ತಿರುಗಿಸಬೇಕೆಂದು 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿ ಆರಂಭವಾಗಿ ಸಾವಿರ ದಿನವನ್ನೂ ಮೀರಿ ನಡೆಯಿತು. ನ್ಯಾಯಾಧಿಕರಣ 2018ರ ಆಗಸ್ಟಿನಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸಿಕೊಳ್ಳಲು ಒಪ್ಪಿತು. ಹೀಗೆ ಬೀದಿಯೂ ನ್ಯಾಯಸ್ಥಾನವೂ ಒಂದೇ ದಾರಿಗೆ ಬಂದುವು. ಮಿತವಾದಿಗೂ ತೀವ್ರವಾದಿಗೂ ಇಲ್ಲಿ ಜಗಳವೇ ಇಲ್ಲ. ಖಾನಾಪುರ, ಬೆಳಗಾವಿಗಳ ಪರಿಸರಪ್ರಿಯರು ಮಾತ್ರ ಕಾಡು ಹೋಗುವುದೆಂದು ಆಕ್ಷೇಪಿಸಿದ್ದಾರೆ. ಆ ಕಾಡಿನಲ್ಲಿ 2011ರಿಂದ ಭೀಮಗಡ ಅಭಯಾರಣ್ಯವಿದೆ. ಅಭಯಾರಣ್ಯದ ಒಳಗೆ ಹಳ್ಳಿಗಳಿವೆ. ಮಳೆಗಾಲದಲ್ಲಿ ಅಲ್ಲಿಂದ ರೋಗಿಗಳನ್ನು ಮರದ ಡೋಲಿಯಲ್ಲಿ ಹೊತ್ತು, ಹಳ್ಳ ದಾಟಿಸಿ, ಮೈಲಿಗಟ್ಟಲೆ ನಡೆದು, ಖಾನಾಪುರದ ಕಡೆಗೆ ತರುವ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಅವರು ಕೇಳುತ್ತಿರುವುದು ಒಂದು ಸೇತುವೆಯನ್ನೂ ಒಂದು ರಸ್ತೆಯನ್ನೂ.